ಅಮ್ಮನಿಗೆ ಮಾತ್ರೆ ಕೊಡಲು ಕೈ ನಡುಗುತ್ತದೆ

ಪ್ರಶ್ನೆ: ಅಮ್ಮನಿಗೆ 71 ವರ್ಷ. ಸ್ಟೆಂಟ್ ಹಾಕಿಸಿದ ಮೇಲೆ ದಿನಾ ಆಸ್ಪಿರಿನ್ ತಗೊಳ್ತಾರೆ. ಮಂಡಿನೋವು ತಡೆಯಲಾರದೆ ನರಳುತ್ತಿದ್ದರು ಅಂತ ನಾನೇ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದುಕೊಟ್ಟೆ. ಹತ್ತು ದಿನದಲ್ಲಿ ಮಲ ಕಪ್ಪಾಯಿತು, ತಲೆಸುತ್ತಿ ಬಿದ್ದರು. ಹೊಟ್ಟೆಯೊಳಗೆ ರಕ್ತಸ್ರಾವವಂತೆ. ಆರು ದಿನ ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಬಂದಿದ್ದಾರೆ. ‘ನಿನ್ನಿಂದಲೇ ಹೀಗಾಯ್ತು’ ಎಂದ ಅಣ್ಣ. ಭಯಕ್ಕೆ ಎರಡು ದಿನದಿಂದ ಯಾವ ಮಾತ್ರೆಯನ್ನೂ ಕೊಟ್ಟಿಲ್ಲ.
– ಹೆಸರು ಬೇಡ, ತಿಪಟೂರು

ಉತ್ತರ: ಪ್ರೀತಿಯಿಂದ ಮಾಡಿದ್ದೇ ಪೆಟ್ಟಾದಾಗ ಆಗುವ ಸಂಕಟ ದೊಡ್ಡದು. ಕಣ್ಣು ಮುಚ್ಚಿದರೆ ಆ ಅಂಗಡಿ, ಆ ಮಾತ್ರೆ ಸ್ಟ್ರಿಪ್ಪೇ ಕಾಣುತ್ತಿರಬಹುದು. ಆದರೆ ನೀವು ಅಂಗಡಿಗೆ ಹೋದದ್ದು ಅಮ್ಮ ನರಳುವುದನ್ನು ಕೇಳಿಸಿಕೊಂಡು ಸುಮ್ಮನಿರಲಾರದೆ. ಅದನ್ನು ಮರೆಯಬೇಡಿ.

ನಡೆದದ್ದು ಇಷ್ಟು. ಆಸ್ಪಿರಿನ್ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ಜೊತೆಗೆ ಹೊಟ್ಟೆಯ ಒಳಪದರದ ರಕ್ಷಣೆಯನ್ನೂ ತಗ್ಗಿಸುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳೂ ಆ ಪದರಕ್ಕೇ ಕೈ ಹಾಕುತ್ತವೆ. ಎರಡೂ ಸೇರಿದಾಗ, ಅದರಲ್ಲೂ ವಯಸ್ಸಾದವರಲ್ಲಿ, ಹುಣ್ಣಾಗಿ ರಕ್ತ ಸೋರುವ ಅಪಾಯ ಹೆಚ್ಚು. ಇಂಗ್ಲೆಂಡಿನ ಎರಡು ಆಸ್ಪತ್ರೆಗಳಿಗೆ ದಾಖಲಾದ 18,820 ರೋಗಿಗಳನ್ನು ಗಮನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 6.5ರಷ್ಟು ಮಂದಿಯ ದಾಖಲಾತಿಗೆ ಔಷಧದ ಅಡ್ಡಪರಿಣಾಮದ ನಂಟಿತ್ತು. ಆ ಔಷಧಗಳಲ್ಲಿ ಮುಂದಿದ್ದದ್ದು ಇದೇ ಕಡಿಮೆ ಡೋಸಿನ ಆಸ್ಪಿರಿನ್. ನೋವಿನ ಮಾತ್ರೆಗಳೂ ಇದ್ದವು. ಬಹುಪಾಲನ್ನು ತಪ್ಪಿಸಬಹುದಿತ್ತು ಎಂಬ ಅಲ್ಲಿನ ಮಾತು ನಿಮ್ಮನ್ನು ಚುಚ್ಚಬಹುದು. ನನಗಂತೂ ಅದರಲ್ಲಿ ಭರವಸೆಯೇ ಕಾಣುತ್ತದೆ: ಇದು ಇನ್ನೊಮ್ಮೆ ಆಗದಂತೆ ನೋಡಿಕೊಳ್ಳಲು ದಾರಿಯಿದೆ.

ಹಾಗಾಗಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕೇಳದೆ ಕೊಟ್ಟದ್ದು ಅವತ್ತಿನ ಎಡವಟ್ಟು. ಕೇಳದೆ ನಿಲ್ಲಿಸಿರುವುದು ಇವತ್ತಿನದು. ಸ್ಟೆಂಟ್ ಇರುವವರ ಮಾತ್ರೆಗಳನ್ನು ನಾವಾಗಿ ನಿಲ್ಲಿಸುವುದು ಅಪಾಯ. ಪತ್ರಿಕೆ ಮಡಚಿಟ್ಟು ಈಗಲೇ ಡಾಕ್ಟರಿಗೆ ಫೋನ್ ಮಾಡಿ, ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ. ಆಸ್ಪಿರಿನ್, ಬಿಪಿ ಮಾತ್ರೆ ಯಾವುದು ಮುಂದುವರಿಯಬೇಕು, ಯಾವುದು ಬೇಡ ಎಂಬುದನ್ನು ಅವರೇ ಹೇಳಲಿ.

ಆಮೇಲೆ ಮನೆಯಲ್ಲಿರುವ ಔಷಧಗಳನ್ನೆಲ್ಲ, ಕಷಾಯದ ಪುಡಿಯನ್ನೂ ಬಿಡದೆ, ಒಂದು ಚೀಲಕ್ಕೆ ಹಾಕಿಕೊಂಡು ಅವರಿಗೆ ತೋರಿಸಿ. ಯಾವ ಮಾತ್ರೆ ಇನ್ನೆಂದೂ ಕೂಡದು, ಮಂಡಿ ನೋವಾದರೆ ಏನು ಕೊಡಬಹುದು ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಆ ಚೀಟಿ ಅಮ್ಮನ ಪರ್ಸಿನಲ್ಲಿರಲಿ. ಮತ್ತೆ ಮಲ ಕಪ್ಪಾದರೆ, ರಕ್ತ ವಾಂತಿಯಾದರೆ ಕಾಯದೆ ಆಸ್ಪತ್ರೆಗೆ ಹೊರಡಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು, ಆದರೆ ಅದನ್ನು ತೀರ್ಮಾನಿಸುವ ಹೊಣೆ ನಿಮಗೆ ಬೇಡ.

ಡಾಕ್ಟರ ಬಳಿ ಹೋಗುವಾಗ ಅಣ್ಣನನ್ನೂ ಕರೆದುಕೊಂಡು ಹೋಗಿ. ಅವರ ಸಿಟ್ಟಿನ ಹಿಂದೆಯೂ ಅಮ್ಮನನ್ನು ಕಳೆದುಕೊಳ್ಳುತ್ತಿದ್ದೆವಲ್ಲ ಎಂಬ ಭಯವೇ ಇರಬಹುದು. ಡಾಕ್ಟರು ಹೇಳುವುದನ್ನು ಇಬ್ಬರೂ ಒಟ್ಟಿಗೆ ಕೇಳಿಸಿಕೊಂಡರೆ ಹೊಣೆ ಹಂಚಿಕೆಯಾಗುತ್ತದೆ.

ಔಷಧದ ಅಡ್ಡಪರಿಣಾಮಗಳನ್ನು ದಾಖಲಿಸುವ ಸರ್ಕಾರಿ ವ್ಯವಸ್ಥೆ 2010ರಿಂದ ನಮ್ಮಲ್ಲಿದೆ. ರೋಗಿಯ ಮನೆಯವರೂ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಬಹುದು. ಯಾರ ಮೇಲೂ ದೂರು ಹೊರಿಸಲಿಕ್ಕಲ್ಲ, ಇನ್ನೊಂದು ಮನೆಗೆ ಇದು ಬಾರದಿರಲಿ ಎಂದು. ನಿದ್ದೆ ಬಾರದೆ ಇದೇ ಯೋಚನೆ ಕಾಡುತ್ತಿದ್ದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಅಣ್ಣ ಏನೆಂದರು ಎಂದು ಬರೆದಿದ್ದೀರಿ, ಅಮ್ಮ ಏನೆಂದರು ಎಂಬುದು ಪತ್ರದಲ್ಲಿಲ್ಲ. ಸಂಜೆ ಅವರ ಪಕ್ಕ ಕೂತು, ಮಂಡಿನೋವು ಈಗ ಹೇಗಿದೆ ಎಂದು ಕೇಳಿ.