ಟಾನಿಕ್ ಬಾಟಲಿಗಿಂತ ದಿನದ ಅಳತೆ ಮೇಲು

ಬೆಳಗಾವಿಯ ಕುಂದಾಕ್ಕೆ ಹಾಲು ಕೊಡುವ ಎಮ್ಮೆ ತನ್ನ ಎಲುಬಿನ ಸುಣ್ಣವನ್ನೂ ಅದರೊಂದಿಗೆ ಕೊಡುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಜಡಿಮಳೆ ಮಣ್ಣಿನ ಸತ್ವವನ್ನೇ ತೊಳೆದೊಯ್ಯುತ್ತದೆ. ಭತ್ತದ ಹುಲ್ಲಿನಲ್ಲಿ ರಂಜಕ ಕಡಿಮೆ. ಇರುವ ಸುಣ್ಣವೂ ಆ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಅಂಶದಿಂದಾಗಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅದಕ್ಕೇ ಈ ಭಾಗದ ಖಾನಾಪುರದಲ್ಲಿ ದನ ಕಟ್ಟಿದವರು ಇಷ್ಟನ್ನು ನೆನಪಿಡಿ:

• ಮೊದಲು ಹುಳು. ಗದ್ದೆಯಂಚಿನಲ್ಲಿ ಮೇಯುವ ದನಕ್ಕೆ ಬಸವನಹುಳುವಿನ ಮೂಲಕ ಲಿವರ್ ಹುಳು ತಗಲುತ್ತದೆ. ಸಗಣಿ ಪರೀಕ್ಷೆ ಮಾಡಿಸಿ, ಔಷಧ ಕೊಡಿಸಿ, ಆಮೇಲೆ ಖನಿಜ ಮಿಶ್ರಣ ಶುರು ಮಾಡಿ.

• ಐಎಸ್‌ಐ ಗುರುತಿನದ್ದೇ ತನ್ನಿ. ಉಪ್ಪು ಸೇರಿಸದ ಮಿಶ್ರಣವಾದರೆ ದೊಡ್ಡ ದನಕ್ಕೆ ದಿನಕ್ಕೆ 30 ಗ್ರಾಂ ಅಡುಗೆ ಉಪ್ಪು ಬೆರೆಸಿ.

• ಖನಿಜ ಮಿಶ್ರಣ ದಿನಕ್ಕೆ ಕರುವಿಗೆ 20-25 ಗ್ರಾಂ, ದೊಡ್ಡ ದನಕ್ಕೆ 50 ಗ್ರಾಂ, ಹೆಚ್ಚು ಹಿಂಡುವುದಕ್ಕೆ 100 ಗ್ರಾಂವರೆಗೆ ಸಾಕು. ಒಮ್ಮೆ ತಕ್ಕಡಿಯಲ್ಲಿ ತೂಗಿ, ಅಷ್ಟೇ ಹಿಡಿಯುವ ಡಬ್ಬಿಯೊಂದನ್ನು ಹಿಂಡಿಯ ಚೀಲದಲ್ಲೇ ಇಡಿ. ಆಗ ಮನೆಯಲ್ಲಿ ಯಾರು ಹಾಕಿದರೂ ಅಳತೆ ತಪ್ಪದು. ನೆನೆಸಿದ ಹಿಂಡಿಯಲ್ಲಿ ಚೆನ್ನಾಗಿ ಕಲಸಿ. ಮೇಲೆ ಉದುರಿಸಿದರೆ ಪುಡಿ ಗೋದಲಿಯ ತಳದಲ್ಲೇ ಉಳಿಯುತ್ತದೆ.

• ದನ ಗೋಡೆ ನೆಕ್ಕಿದರೆ, ಎಲುಬು, ಬಟ್ಟೆ ಜಗಿದರೆ ಹೆಚ್ಚಾಗಿ ರಂಜಕದ ಕೊರತೆ. ಈದ ಎಮ್ಮೆಯ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಸಂಜೆಯವರೆಗೂ ಕಾಯಬೇಡಿ, ವೈದ್ಯರನ್ನು ಕರೆಸಿ. ಪಶು ಆಂಬುಲೆನ್ಸ್ ಸಂಖ್ಯೆ 1962.

• ಈಯುವ ಮುಂಚಿನ ಮೂರು ವಾರ ಬಲು ಮುಖ್ಯ. ವಿಟಮಿನ್ ಇ ಮತ್ತು ಸೆಲೆನಿಯಂ ಜೀವಕೋಶಗಳನ್ನು ಕಾಯುವ ಆ್ಯಂಟಿಆಕ್ಸಿಡೆಂಟ್ ಜೋಡಿ. ಇವುಗಳ ಕೊರತೆ ನೀಗಿದರೆ ಮಾಸು ಬೀಳದೆ ಉಳಿಯುವುದೂ ಕೆಚ್ಚಲು ಬಾವೂ ತಗ್ಗುತ್ತವೆ.

• ಆದರೆ ಸೆಲೆನಿಯಂ ಅತಿಯಾದರೆ ವಿಷ. ಕಿಲೋ ಒಣಮೇವಿಗೆ ಬೇಕಾದದ್ದು ಸುಮಾರು 0.3 ಮಿಲಿಗ್ರಾಂ ಮಾತ್ರ. ಇಂಜೆಕ್ಷನ್ ವೈದ್ಯರ ಕೈಯಿಂದಲೇ ಆಗಲಿ. ಎರಡು ಕಂಪನಿಯ ಪುಡಿಗಳನ್ನು ಒಟ್ಟಿಗೆ ಹಾಕಬೇಡಿ.

• ತುಂಬು ಗಬ್ಬದ ದನಕ್ಕೆ ಕ್ಯಾಲ್ಸಿಯಂ ಬಾಟಲಿ ಸುರಿಯಬೇಡಿ. ಎಲುಬಿನಿಂದ ಸುಣ್ಣ ಸೆಳೆಯುವ ರೂಢಿಯೇ ಮೈಗೆ ತಪ್ಪಿ, ಈದೊಡನೆ ಹಾಲುಜ್ವರ ಬರಬಹುದು.

• ದನದ ಮಿಶ್ರಣ ಕುರಿಗೆ ಬೇಡ. ಅದರಲ್ಲಿನ ತಾಮ್ರ ಕುರಿಯ ಲಿವರಿನಲ್ಲಿ ಕೂಡುತ್ತಾ ಹೋಗಿ ಜೀವಕ್ಕೇ ಎರವಾಗುತ್ತದೆ.

• ಕಬ್ಬಿನ ಸೋಗೆಯನ್ನೇ ನಂಬಬೇಡಿ. ಬದುವಿನಲ್ಲಿ ಚೊಗಚೆ, ನುಗ್ಗೆ ಹಚ್ಚಿ. ನೀರಿದ್ದರೆ ಕುದುರೆಮಸಾಲೆ ಬೆಳೆಯಿರಿ. ವಿಟಮಿನ್ ಎ, ಇ ಎರಡೂ ಹಸಿರಿನಲ್ಲೇ ಸಿಗುತ್ತವೆ. ಗಬ್ಬದಲ್ಲಿ ವಿಟಮಿನ್ ಎ ತೀರಾ ಕೊರತೆಯಾದರೆ ಕರು ಕುರುಡಾಗಿಯೂ ಹುಟ್ಟಬಹುದು.

• ವಾರದಲ್ಲಿ ಹಾಲು ಏರಲಿಲ್ಲವೆಂದು ಬಿಡಬೇಡಿ. ಹೊತ್ತಿಗೆ ಬೆದೆಗೆ ಬಂತೇ, ಗಬ್ಬ ನಿಂತಿತೇ, ಕರು ಗಟ್ಟಿಯಾಗಿದೆಯೇ ಎಂದು ಬರೆದಿಡಿ. ಹಾಕಿದ ಖನಿಜದ ನಿಜವಾದ ಲಾಭ ಆ ಲೆಕ್ಕದಲ್ಲಿದೆ.