ಮನೆಯಲ್ಲೇ ತಂಬೂರಿ ಪದ ರೆಕಾರ್ಡ್ ಮಾಡಿ: ಹಂತ ಹಂತವಾಗಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಲ್ಲಿ ತಂಬೂರಿ, ಏಕತಾರಿ ಹಿಡಿದು ಪದ ಹೇಳುವವರು ಇನ್ನೂ ಇದ್ದಾರೆ. ಶಿಶುನಾಳ ಷರೀಫರ ತತ್ವಪದ, ನಿಜಗುಣ ಶಿವಯೋಗಿಗಳ ಕೈವಲ್ಯ ಪದ, ಚೌಡಿಕೆ ಜೊತೆ ಎಲ್ಲಮ್ಮನ ಪದ, ಸೂರಗೊಂಡನಕೊಪ್ಪದ ಕಡೆ ಸೇವಾಲಾಲರ ಭಜನೆ. ಪುಸ್ತಕದಲ್ಲಿ ಸಾಹಿತ್ಯ ಸಿಕ್ಕೀತು, ಧಾಟಿ ಸಿಗುವುದಿಲ್ಲ. ಅದು ಹೇಳುವವರ ಕಂಠದಲ್ಲೇ ಇದೆ. ಅದನ್ನು ಉಳಿಸಿಕೊಳ್ಳಲು ಬೆಂಗಳೂರಿನ ಸ್ಟುಡಿಯೊ ಬೇಕಿಲ್ಲ. ಒಂದು ಸ್ಮಾರ್ಟ್‌ಫೋನ್, ಒಂದು ಸ್ಟ್ಯಾಂಡ್, ಒಂದು ಇಯರ್‌ಫೋನ್, ಎರಡು ಕಂಬಳಿ ಸಾಕು. ಭಯಪಡಬೇಡಿ, ಒಂದೊಂದೇ ಹೆಜ್ಜೆ ಇಡೋಣ.

1. ಕೋಣೆ ಆರಿಸಿ

ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಗೋಡೆಗೆ ಬಡಿದು ಗಣಗಣ ಎಂದು ಮರಳಿ ಬಂದರೆ ಆ ಕೋಣೆ ಬೇಡ. ಟೈಲ್ಸ್ ಹಾಕಿದ ಹೊಸ ಆರ್‌ಸಿಸಿ ಹಾಲ್‌ಗಳಲ್ಲಿ ಹೀಗಾಗುವುದೇ ಹೆಚ್ಚು. ಹಾಸಿಗೆ, ಬಟ್ಟೆ, ಮೆಕ್ಕೆಜೋಳದ ಚೀಲ ತುಂಬಿದ ಚಿಕ್ಕ ಕೋಣೆ ಹಾಡಿಗೆ ಒಳ್ಳೆಯದು. ಹೆಂಚಿನ ಹಳೇ ಮಣ್ಣಿನ ಮನೆ ಇದ್ದರೆ ಮೊದಲು ಅಲ್ಲೇ ನೋಡಿ.

2. ಕಂಬಳಿ ಕಟ್ಟಿ

ಹಾಡುವವರ ಬೆನ್ನ ಹಿಂದೆ ಹಗ್ಗ ಕಟ್ಟಿ ಒಂದು ಕಂಬಳಿ ಇಳಿಬಿಡಿ. ಇನ್ನೊಂದನ್ನು ಪಕ್ಕದ ಬರಿಗೋಡೆಗೆ. ಕೆಳಗೆ ಜಮಖಾನ ಹಾಸಿ. ಜಗಳೂರಿನವರಿಗೆ ಚಳ್ಳಕೆರೆ ಕಡೆಯ ಕುರಿಯುಣ್ಣೆ ಕಂಬಳಿ ಹತ್ತಿರದಲ್ಲೇ ಸಿಗುತ್ತದೆ. ಸದ್ದು ಹೀರುವುದರಲ್ಲಿ ಅದು ತೆಳ್ಳನೆಯ ಫೋಮ್ ಹಾಳೆಗಿಂತ ಮೇಲು.

ಎಚ್ಚರಿಕೆ: ಕಂಬಳಿಯನ್ನು ಗೋಡೆಗೆ ಅಂಟಿಸಬೇಡಿ. ನಾಲ್ಕು ಬೆರಳು ಜಾಗ ಬಿಟ್ಟರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

3. ಹೊತ್ತು ಗೊತ್ತುಮಾಡಿಕೊಳ್ಳಿ

ಹಿಂದಿನ ದಿನವೇ ಆ ಕೋಣೆಯಲ್ಲಿ ಕಣ್ಣುಮುಚ್ಚಿ ಐದು ನಿಮಿಷ ಕೂತು ಕೇಳಿ. ಚನ್ನಗಿರಿ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿಯುವ ಯಂತ್ರ ಹಗಲೆಲ್ಲ ಓಡುತ್ತಿರುತ್ತದೆ. ಭದ್ರಾ ನಾಲೆಯ ಗದ್ದೆ ಬದಿಯ ಮನೆಯಾದರೆ ಮಳೆಗಾಲದ ರಾತ್ರಿ ಕಪ್ಪೆಗಳು ಬಿಡುವುದಿಲ್ಲ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಬರುವ ಹೊತ್ತು ಕೇಳಿಟ್ಟುಕೊಂಡು, ಅದನ್ನು ಬಿಟ್ಟು ಬೇರೆ ಹೊತ್ತು ಆರಿಸಿ. ತಗಡಿನ ಮನೆಯಾದರೆ ಮಳೆಗಾಲ ಮುಗಿಯಲಿ.

4. ಸದ್ದು ಮಾಡುವುದನ್ನೆಲ್ಲ ನಿಲ್ಲಿಸಿ

ಫ್ಯಾನ್, ಫ್ರಿಜ್, ಯುಪಿಎಸ್ ಆಫ್ ಮಾಡಿ. ಬೈಕಿನ ಕೀಲಿಯನ್ನು ಫ್ರಿಜ್ ಒಳಗೇ ಇಡಿ; ಹೊರಡುವಾಗ ಫ್ರಿಜ್ ಆನ್ ಮಾಡುವುದು ತಾನಾಗಿ ನೆನಪಾಗುತ್ತದೆ. ಹಾಡುವವರ ಬಳೆ, ವಾಚ್ ತೆಗೆಸಿಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಚಾರ್ಜರ್ ಕಳಚಿ.

5. ಆ್ಯಪ್ ಸೆಟ್ಟಿಂಗ್ ಬದಲಿಸಿ

ಹೊಸಬರು ಹೆಚ್ಚು ಎಡವುವುದು ಇಲ್ಲಿ. ದಯವಿಟ್ಟು ಅವಸರ ಮಾಡಬೇಡಿ.

ರೆಕಾರ್ಡರ್ ಆ್ಯಪ್‌ನ ಸೆಟ್ಟಿಂಗ್ಸ್ ತೆರೆಯಿರಿ. ಫೈಲ್ ಬಗೆ ಎಂದಿರುವಲ್ಲಿ ಡಬ್ಲ್ಯೂಎವಿ ಆರಿಸಿ. ಸ್ಯಾಂಪಲ್ ರೇಟ್ 44.1 ಅಥವಾ 48 ಕಿಲೋಹರ್ಟ್ಸ್ ಇರಲಿ. 16 ಬಿಟ್ ಮೊನೊ ಆದರೆ ನಿಮಿಷಕ್ಕೆ ಸುಮಾರು 5 ಎಂಬಿ ಜಾಗ ಬೇಕು, ಅಷ್ಟು ಖಾಲಿ ಇದೆಯೇ ನೋಡಿಕೊಳ್ಳಿ.

ಈಗ ನಾಯ್ಸ್ ರಿಡಕ್ಷನ್, ನಾಯ್ಸ್ ಸಪ್ರೆಶನ್, ಆಟೋ ಗೇನ್ ಎಂದು ಏನೇ ಇದ್ದರೂ ಎಲ್ಲವನ್ನೂ ಆಫ್ ಮಾಡಿ. ಫೋನಿನ ಈ ಏರ್ಪಾಡು ಇರುವುದು ಮಾತಿಗಾಗಿ, ಸಂಗೀತಕ್ಕಾಗಿ ಅಲ್ಲ. ಏರಿಳಿತವಿಲ್ಲದೆ ಒಂದೇ ಸಮನೆ ಬರುವ ಸದ್ದನ್ನು ಅದು ಫ್ಯಾನಿನ ಸದ್ದು ಎಂದೇ ತಿಳಿದು ಅಳಿಸುತ್ತದೆ. ತಂಬೂರಿಯ ಶ್ರುತಿಯೂ ಒಂದೇ ಸಮನೆ ಬರುವ ಸದ್ದೇ ಅಲ್ಲವೇ? ಹಾಗಾಗಿ ಹಾಡು ಉಳಿದು ತಂಬೂರಿ ಮಾಯವಾಗುತ್ತದೆ, ಇಲ್ಲವೇ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಯ್ಕೆ ಸಿಗದಿದ್ದರೆ ಆ ಆ್ಯಪ್ ಬಿಟ್ಟು ಬೇರೆ ಆ್ಯಪ್ ಹಾಕಿಕೊಳ್ಳಿ. ಹಲವು ವೈರ್‌ಲೆಸ್ ಕಾಲರ್ ಮೈಕ್‌ಗಳಲ್ಲೂ ಇಂಥ ಬಟನ್ ಇರುತ್ತದೆ, ಅದನ್ನೂ ಆಫ್ ಮಾಡಿ. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್‌ನಲ್ಲಂತೂ ಪದ ರೆಕಾರ್ಡ್ ಮಾಡಲೇಬೇಡಿ.

6. ಶ್ರುತಿ ಮಾಡಿಸಿ

ವಾದ್ಯವನ್ನು ಕೋಣೆಗೆ ತಂದು ಕಾಲು ಗಂಟೆ ಸುಮ್ಮನೆ ಬಿಡಿ. ಬಿಸಿಲಿಂದ ನೆರಳಿಗೆ ಬಂದ ತಂತಿಯ ಶ್ರುತಿ ಜಾರುತ್ತದೆ. ನಾಲ್ಕು ತಂತಿಯ ತಂಬೂರಿಯಾದರೆ ಸಾಮಾನ್ಯವಾಗಿ ಪ, ಸ, ಸ, ಮಂದ್ರ ಸ. ಏಕತಾರಿಯಾದರೆ ಹಾಡುವವರ ಷಡ್ಜಕ್ಕೆ ಸೇರಿದರೆ ಆಯಿತು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗಿರುವ ನೂಲು, ಅಂದರೆ ಜೀವಾಳ, ಸರಿಯಾದ ಜಾಗದಲ್ಲಿದ್ದರೆ ತಂತಿ ಝೇಂಕರಿಸುತ್ತದೆ. ಅದನ್ನು ವಾದ್ಯದವರೇ ಸರಿಮಾಡಲಿ, ನೀವು ಕೈಹಾಕಬೇಡಿ.

7. ಮೈಕ್ ಇಡಿ

ದುಬಾರಿ ಮೈಕ್‌ಗಿಂತ ಸರಿಯಾದ ಜಾಗ ದೊಡ್ಡದು. ನನ್ನ ಗಟ್ಟಿ ನಂಬಿಕೆ ಇದು.

ನಮ್ಮ ದೇಶದ ಮೊದಮೊದಲ ಗ್ರಾಮೊಫೋನ್ ಮುದ್ರಣಗಳಲ್ಲಿ ಒಂದು 1902ರಲ್ಲಿ ಕಲ್ಕತ್ತಾದಲ್ಲಿ ನಡೆದ ಗೌಹರ್ ಜಾನ್ ಅವರ ಗಾಯನ. ಕೊನೆಗಾಲದಲ್ಲಿ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಗಾಯಕಿ ಅವರು. ಆಗ ವಿದ್ಯುತ್ ಮೈಕ್ ಇರಲಿಲ್ಲ. ತಗಡಿನ ಕಹಳೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕಿತ್ತು, ಮೆಲುದನಿಯ ತಂಬೂರಿ ಅದರಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ಇವತ್ತು ಆ ಕಷ್ಟವಿಲ್ಲ. ಆದರೂ ಎಷ್ಟೋ ಜನ ಫೋನನ್ನು ಬಾಯಿಗೆ ಹಿಡಿದು ಅದೇ ಫಲ ಪಡೆಯುತ್ತಾರೆ.

ಹೀಗೆ ಮಾಡಿ. ಹಾಡುವವರು ವಾದ್ಯ ಹಿಡಿದು ಎಂದಿನಂತೆ ಕೂರಲಿ. ಫೋನನ್ನು ಸ್ಟ್ಯಾಂಡಿಗೆ ಹಾಕಿ ಅವರ ಮುಂದೆ ಎರಡು ಅಡಿ ದೂರದಲ್ಲಿ, ಎದೆಯ ಮಟ್ಟದಲ್ಲಿ ನಿಲ್ಲಿಸಿ. ಬಹುತೇಕ ಫೋನ್‌ಗಳ ಮುಖ್ಯ ಮೈಕ್ ಚಾರ್ಜಿಂಗ್ ತೂತಿನ ಪಕ್ಕದಲ್ಲಿರುತ್ತದೆ, ಆ ತುದಿ ಹಾಡುವವರ ಕಡೆಗಿರಲಿ. ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ. ಗಂಟಲೇ ಜೋರಾಗಿದ್ದರೆ ಫೋನನ್ನು ಗೇಣು ಕೆಳಗಿಳಿಸಿ ವಾದ್ಯದ ಬುರುಡೆಯ ಕಡೆ ತಿರುಗಿಸಿ. ತಂತಿಯೇ ಜೋರಾದರೆ ಮೇಲಕ್ಕೆತ್ತಿ. ಮೂರು ನಾಲ್ಕು ಸಲ ಸರಿಸಿದರೆ ಎರಡೂ ಸಮವಾಗಿ ಕೂಡುವ ಜಾಗ ಸಿಗುತ್ತದೆ. ಸಿಕ್ಕ ಕೂಡಲೇ ಸ್ಟ್ಯಾಂಡಿನ ಕಾಲು ನಿಂತ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ.

ದನಿ ಬೇರೆ, ತಂಬೂರಿ ಬೇರೆ ರೆಕಾರ್ಡ್ ಮಾಡಿ ಆಮೇಲೆ ಕೂಡಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪದ ಹೇಳುವವರ ಉಸಿರು, ಬೆರಳು ಒಟ್ಟಿಗೇ ನಡೆಯುತ್ತವೆ. ಬೇರೆ ಮಾಡಿದರೆ ಎರಡೂ ಸೊರಗುತ್ತವೆ.

ಎಚ್ಚರಿಕೆ: ಪ, ಫ, ಬ, ಭ ಅಕ್ಷರಗಳ ಗಾಳಿ ಮೈಕ್‌ಗೆ ಹೊಡೆದರೆ 'ಢಬ್' ಎನ್ನುತ್ತದೆ. ಮೈಕ್ ಬಾಯಿಯ ನೇರಕ್ಕಿರದೆ ತುಸು ಪಕ್ಕಕ್ಕಿರಲಿ. ಬುರುಡೆಗೆ ತೀರಾ ಹತ್ತಿರವೂ ಬೇಡ, ಗುಂಯ್‌ಗುಡುತ್ತದೆ. ಗಿಟಾರ್ ಆದರೆ ಇದೇ ಕಾರಣಕ್ಕೆ ತೂತಿನ ಎದುರು ಬಿಟ್ಟು 12ನೇ ಫ್ರೆಟ್ ಕಡೆ ಒಂದಡಿ ದೂರದಲ್ಲಿಡಿ. ಪಿಟೀಲಿಗೆ ಮೇಲಿನಿಂದ, ಎರಡು ಮೂರು ಅಡಿ ಎತ್ತರದಲ್ಲಿ.

ಮುಂದೆ ಕಂಡೆನ್ಸರ್ ಮೈಕ್ ಕೊಂಡರೆ ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಪವರ್ ಕೊಡುವ ಆಡಿಯೊ ಇಂಟರ್‌ಫೇಸ್ ಕೂಡ ಬೇಕಾಗುತ್ತದೆ. ಮೊದಲ ವರ್ಷ ಆ ಖರ್ಚು ಬೇಡ.

8. ಲೆವೆಲ್ ನೋಡಿ

ಪದದಲ್ಲಿ ಅತಿ ಎತ್ತರದ ಸಾಲು ಯಾವುದೋ ಅದನ್ನೇ ಹೇಳಿಸಿ. ಮೀಟರಿನ ಮುಳ್ಳು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ, ಸೊನ್ನೆ ಮುಟ್ಟಕೂಡದು. ಮುಟ್ಟಿದರೆ ದನಿ ಒಡೆಯುತ್ತದೆ, ಆಮೇಲೆ ಸರಿಮಾಡಲು ಬರುವುದಿಲ್ಲ. ಮೀಟರ್ ಇಲ್ಲದ ಆ್ಯಪ್ ಆದರೆ ಇಯರ್‌ಫೋನಿನಲ್ಲಿ ಕೇಳಿ, ಒಡೆದಂತಿದ್ದರೆ ಸ್ಟ್ಯಾಂಡ್ ಅರ್ಧ ಅಡಿ ಹಿಂದೆ ಸರಿಸಿ.

9. ರೆಕಾರ್ಡ್ ಒತ್ತಿ, ಹತ್ತು ಸೆಕೆಂಡ್ ಸುಮ್ಮನಿರಿ

ತಂತಿಗೆ ಕೈಯಿಟ್ಟು ನಿಲ್ಲಿಸಿ, ಯಾರೂ ಮಾತಾಡದೆ ಹತ್ತು ಸೆಕೆಂಡ್. ಈ ಮೌನ 12ನೇ ಹಂತದಲ್ಲಿ ಬೇಕಾಗುತ್ತದೆ. ಆಮೇಲೆ ಹಾಡುವವರ ಹೆಸರು, ಊರು, ಇವತ್ತಿನ ತಾರೀಕು, ಪದ ಯಾರಿಂದ ಕಲಿತದ್ದು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ.

10. ಪದ ಹೇಳಲು ಬಿಡಿ

ನಡುವೆ ತಪ್ಪಾದರೂ ತಡೆಯಬೇಡಿ. ಹಿರಿಯರಿಗೆ ಯಂತ್ರದ ಮುಂದೆ ಮೊದಲ ಸಲ ಬಿಗಿ ಇರುತ್ತದೆ. ನೀರು ಕೊಡಿ, ಎರಡನೇ ಸಲ ಹೇಳಿಸಿ. ಪದ ಮುಗಿದ ತಕ್ಷಣ 'ಭೇಷ್ ಅಜ್ಜಾ' ಎನ್ನಬೇಡಿ. ಕೊನೆಯ ಮೀಟು ಪೂರ್ತಿ ಅಡಗಿದ ಮೇಲೆ ಸ್ಟಾಪ್ ಒತ್ತಿ.

11. ಅಲ್ಲೇ ಕೇಳಿ

ಕಂಬಳಿ ಬಿಚ್ಚುವ ಮೊದಲು ಇಯರ್‌ಫೋನ್ ಹಾಕಿ ಮೊದಲಿಂದ ಕೊನೆವರೆಗೆ ಕೇಳಿ. ಹಾಡಿದವರಿಗೂ ಕೇಳಿಸಿ, ಎಲ್ಲಿ ಸರಿಯಿಲ್ಲ ಎಂದು ಅವರು ನಿಮಗಿಂತ ಬೇಗ ಹೇಳುತ್ತಾರೆ.

12. ಕಂಪ್ಯೂಟರಿನಲ್ಲಿ ಸ್ವಲ್ಪವೇ ತಿದ್ದಿ

ಆಡಾಸಿಟಿ ಉಚಿತ ತಂತ್ರಾಂಶ. ಫೈಲ್ ತೆರೆದು ಹಿಂದುಮುಂದಿನ ಗದ್ದಲ ಕತ್ತರಿಸಿ, ನಾರ್ಮಲೈಸ್ ಮಾಡಿ, ಮುಗಿಯಿತು. ಹಿನ್ನೆಲೆಯ ಗುಂಯ್ ತೀರಾ ಕಾಡಿದರೆ ಮಾತ್ರ ನಾಯ್ಸ್ ರಿಡಕ್ಷನ್ ಬಳಸಿ. ಮಾದರಿಗೆ ಆ ಹತ್ತು ಸೆಕೆಂಡಿನ ಮೌನವನ್ನೇ ಆರಿಸಿ. ತಂಬೂರಿ ನುಡಿಯುತ್ತಿರುವ ಭಾಗ ಆರಿಸಿದರೆ ತಂಬೂರಿಯೇ ಅಳಿಸಿಹೋಗುತ್ತದೆ.

13. ಎರಡು ಕಡೆ ಉಳಿಸಿ, ಒಂದು ಪ್ರತಿ ಕೊಡಿ

ತಿದ್ದದ ಮೂಲ ಫೈಲನ್ನು ಪೆನ್‌ಡ್ರೈವ್‌ನಲ್ಲೂ ಗೂಗಲ್ ಡ್ರೈವ್‌ನಲ್ಲೂ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಪದ ಹೇಳಿದವರ ಮನೆಗೆ ಒಂದು ಪ್ರತಿ ತಲುಪಿಸಿ. ಅವರು ಒಪ್ಪಿದ ಮೇಲಷ್ಟೇ ಯೂಟ್ಯೂಬ್‌ಗೆ ಹಾಕಿ, ಹಾಕುವಾಗ ಅವರ ಹೆಸರು, ಊರನ್ನು ಮೊದಲ ಸಾಲಿನಲ್ಲೇ ಬರೆಯಿರಿ.