ಕೂಸಿನ ಮೊದಲ ತುತ್ತು: ಒಂದು ಪಾಠ, ಮೂರು ತರಗತಿ

ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆ ಪೂರಕ ಆಹಾರ ಕೊಡುವ ವಿಷಯವನ್ನು ಈ ಸಲದ ಅಭ್ಯಾಸ ಬೋಧನೆಯಲ್ಲಿ ನಮ್ಮ ಮೂವರು ಪ್ರಶಿಕ್ಷಣಾರ್ಥಿಗಳು ಆರೋಗ್ಯ ಶಿಕ್ಷಣದ ಪಾಠವಾಗಿ ಎತ್ತಿಕೊಂಡರು. ಯಾದಗಿರಿ, ಶಹಾಪುರ, ಸುರಪುರದ ತಲಾ ಒಂದು ಸರ್ಕಾರಿ ಶಾಲೆ, ಮೂರೂ ಕಡೆ ಎಂಟನೆಯ ತರಗತಿ. ಮೂರೂ ಪಾಠಗಳನ್ನು ನಾನು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸಿದೆ.

ಹದಿಮೂರು ವರ್ಷದ ಮಕ್ಕಳಿಗೆ ಕೂಸಿನ ಊಟದ ಪಾಠ ಯಾಕೆ ಎಂದು ಕೇಳುವವರಿದ್ದಾರೆ. ಸುರಪುರದ ತರಗತಿಯಲ್ಲಿ ‘ಮನೆಯಲ್ಲಿ ಕೂಸಿಗೆ ಉಣಿಸುವವರು ಯಾರು?’ ಎಂಬ ಪ್ರಶ್ನೆಗೆ ಹನ್ನೊಂದು ಕೈಗಳು ಎದ್ದವು. ಎರಡು ಹುಡುಗರವು. ಹತ್ತಿ ಬಿಡಿಸುವ, ಕಳೆ ತೆಗೆಯುವ ದಿನಗಳಲ್ಲಿ ಅವ್ವ ಹೊಲಕ್ಕೆ ಹೋದರೆ ಕೂಸು ಅಕ್ಕನ ಬಗಲಿಗೆ ಬರುತ್ತದೆ. ನಮ್ಮ ಹಾಜರಿ ಪುಸ್ತಕದ ಖಾಲಿ ಚೌಕಗಳಿಗೆ ಇದೂ ಒಂದು ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಈ ಪ್ರಮಾಣ ಅರ್ಧಕ್ಕಿಂತ ಹೆಚ್ಚು. ಈ ಕುಂಠಿತ ಬಹುಪಾಲು ಮಕ್ಕಳಲ್ಲಿ ಎದ್ದು ಕಾಣತೊಡಗುವುದು ಆರು ತಿಂಗಳಿಂದ ಎರಡು ವರ್ಷದ ನಡುವೆ, ಅಂದರೆ ಬಟ್ಟಲು ಯಾರದೋ ಕೈಯಲ್ಲಿರುವ ಕಾಲದಲ್ಲಿ. ಆ ಕೈ ನಮ್ಮ ವಿದ್ಯಾರ್ಥಿನಿಯದಾಗಿದ್ದರೆ ಪಾಠ ಅವಳಿಗೇ ಆಗಬೇಕು.

ಯಾದಗಿರಿಯ ಪಾಠ ಯೋಜನೆ ನೋಡಲು ಚೆನ್ನಾಗಿತ್ತು. 5ಇ ಹಂತಗಳು ಕ್ರಮವಾಗಿದ್ದವು, ಬಣ್ಣದ ಚಾರ್ಟ್ ಇತ್ತು. 6ರಿಂದ 8 ತಿಂಗಳಲ್ಲಿ ದಿನಕ್ಕೆ 2–3 ಸಲ, 9 ತಿಂಗಳ ಮೇಲೆ 3–4 ಸಲ. ಮೊದಲು ಎರಡು ಮೂರು ಚಮಚ, ಬರಬರುತ್ತ ಅರ್ಧ ಬಟ್ಟಲು. ಮಕ್ಕಳು ಒಕ್ಕೊರಲಿನಿಂದ ಹೇಳಿದರು, ಬರೆದರು, ಮೌಲ್ಯಮಾಪನದಲ್ಲಿ ಉತ್ತರಗಳೂ ಸರಿ ಬಂದವು. ಕೊನೆಯಲ್ಲಿ ಪ್ರಶಿಕ್ಷಣಾರ್ಥಿಯ ಅನುಮತಿ ಪಡೆದು ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದೆ: ‘ನಿನ್ನೆ ನಿಮ್ಮನೆ ಕೂಸು ಏನು ಉಂಡಿತು?’

‘ಗಂಜಿ ಕುಡಿತ್ರಿ ಮೇಡಂ. ಲೋಟದಾಗ.’

‘ಎಷ್ಟು ತೆಳ್ಳಗಿತ್ತು?’

‘ನೀರಿನಂಗ ಇತ್ರಿ. ಗಟ್ಟಿ ಆದ್ರ ಗಂಟಲಾಗ ಹತ್ತತದಂತ ಆಯಿ ಅಂತಾಳ್ರಿ.’

ಚಾರ್ಟಿನಲ್ಲಿ ಎಷ್ಟು ಸಲ ಎಂಬುದಿತ್ತು, ಎಷ್ಟು ಚಮಚ ಎಂಬುದಿತ್ತು, ಹದ ಇರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಪಾಠದ ಜೀವ ಇರುವುದೇ ಹದದಲ್ಲಿ. ಏಳು ಕಿಲೋ ತೂಗುವ ಕೂಸಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು 200 ಮಿಲಿಲೀಟರಿನ ಆಸುಪಾಸು. ಅಷ್ಟನ್ನೂ ನೀರುಗಂಜಿಯೇ ತುಂಬಿದರೆ ಕೂಸು ಹೊಟ್ಟೆ ತುಂಬಿ ಮಲಗುತ್ತದೆ, ಅಳುವುದಿಲ್ಲ, ತೂಕವೂ ಏರುವುದಿಲ್ಲ. ಎದೆಹಾಲಿನ ಮೇಲೆ 6–8 ತಿಂಗಳ ಕೂಸಿಗೆ ಊಟದಿಂದ ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿ ಬೇಕು, 9–11 ತಿಂಗಳಿಗೆ 300, ವರ್ಷ ದಾಟಿದ ಮೇಲೆ 550. ಹುಟ್ಟುವಾಗ ತಂದ ಕಬ್ಬಿಣದ ಸಂಗ್ರಹವೂ ಆರು ತಿಂಗಳ ಹೊತ್ತಿಗೆ ಕರಗಿರುತ್ತದೆ, ಎದೆಹಾಲು ಒಂದೇ ಅದನ್ನು ತುಂಬಿಕೊಡಲಾರದು.

ಹಾಗಂತ ಆಯಿಯ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಗಂಟಲಿಗೆ ಹತ್ತುತ್ತದೆ ಎಂಬ ಅವಳ ಭಯ ನಿಜವಾದದ್ದೇ. ಅದಕ್ಕೆ ಪರಿಹಾರ ನೀರು ಹೆಚ್ಚಿಸುವುದಲ್ಲ, ನುಣ್ಣಗೆ ಮಾಡುವುದು. ತೆಳುವು ಬೇರೆ, ನುಣುಪು ಬೇರೆ. ಯಾದಗಿರಿಯಿಂದ ಬಂದ ಸಂಜೆಯೇ ಉಳಿದಿಬ್ಬರೊಂದಿಗೆ ಈ ಒಂದು ವಾಕ್ಯದ ಸುತ್ತ ಪಾಠವನ್ನು ಮತ್ತೆ ಕಟ್ಟಿದೆವು.

ಶಹಾಪುರದ ಪ್ರಶಿಕ್ಷಣಾರ್ಥಿ ಚಾರ್ಟ್ ಒಯ್ಯಲಿಲ್ಲ. ಬಿಸಿಯೂಟದ ಅಡುಗೆಯವರ ಸಹಾಯದಿಂದ ಎರಡು ಬಟ್ಟಲು ಜೋಳದ ನುಚ್ಚು ಮಾಡಿಸಿಕೊಂಡು ಬಂದರು. ಒಂದು ನೀರಾಗಿತ್ತು, ಇನ್ನೊಂದು ಹೆಸರುಬೇಳೆ ಸೇರಿಸಿ ಮೆತ್ತಗೆ ಬೇಯಿಸಿ ಹಿಸುಕಿದ್ದು. ಮಕ್ಕಳು ಸರದಿಯಂತೆ ಬಂದು ಚಮಚ ವಾಲಿಸಿ ನೋಡಿದರು. ನೀರಿನದು ಸುರಿದುಹೋಯಿತು. ಬೇಳೆಯದು ಚಮಚದಲ್ಲಿ ನಿಂತು, ಇನ್ನಷ್ಟು ವಾಲಿಸಿದಾಗ ನಿಧಾನವಾಗಿ ಜಾರಿತು. ಮೊದಲ ದಿನಗಳಿಗೆ ಬೇಕಾದ ಹದ ಅದೇ. ಎರಡು ಬೆರಳ ನಡುವೆ ತಿಕ್ಕಿದಾಗ ಕಾಳು ಸಿಗಬಾರದು. ಎಂಟು ಒಂಬತ್ತು ತಿಂಗಳಿಗೆ ಹಿಸುಕುವುದನ್ನು ಕಡಿಮೆ ಮಾಡಿ, ಮೆತ್ತನೆಯ ಚಿಕ್ಕ ಚೂರು ಕೂಸಿನ ಕೈಗೂ ಕೊಡಬಹುದು. ವರ್ಷದ ಹೊತ್ತಿಗೆ ಮನೆಮಂದಿಯ ಊಟವೇ, ಖಾರ ಉಪ್ಪು ಹಾಕುವ ಮುಂಚೆ ತೆಗೆದಿಟ್ಟದ್ದು. ಬಟ್ಟಲಿಗೆ ಒಂದು ಚಮಚ ತುಪ್ಪವನ್ನೋ ಎಣ್ಣೆಯನ್ನೋ ಬೆರೆಸಿದರೆ 45 ಕಿಲೊಕ್ಯಾಲೊರಿ ಸೇರುತ್ತದೆ, ಹೊಟ್ಟೆಯಲ್ಲಿ ಹೆಚ್ಚು ಜಾಗ ಹಿಡಿಯುವುದಿಲ್ಲ.

ಇನ್ನೊಂದು ಪ್ರಯೋಗ ವಿಜ್ಞಾನದ ಪಾಠಕ್ಕೂ ಒದಗುವಂಥದ್ದು. ಚಮಚ ನಿಲ್ಲುವಷ್ಟು ಗಟ್ಟಿಯಾದ ಗಂಜಿ ಸ್ವಲ್ಪ ಆರಿದ ಮೇಲೆ, ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಿಟ್ಟನ್ನು ಒಂದು ಚಮಚ ಹಾಕಿ ಕಲಕಿದರು. ಮಕ್ಕಳ ಕಣ್ಣ ಮುಂದೆಯೇ ಗಂಜಿ ಸಡಿಲವಾಯಿತು. ಒಂದು ಹನಿ ನೀರು ಹಾಕಿಲ್ಲ! ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಪಿಷ್ಟವನ್ನು ತುಂಡರಿಸುತ್ತದೆ. ಜೊಲ್ಲಿನಲ್ಲಿರುವುದೂ ಇದೇ ಜಾತಿಯ ಕಿಣ್ವ ಎಂದು ಜೀರ್ಣಕ್ರಿಯೆಯ ಪಾಠಕ್ಕೆ ಅಲ್ಲೇ ಕೊಂಡಿ ಹಾಕಿದರು. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1980ರ ದಶಕದಲ್ಲಿ ಮೊಳಕೆ ಧಾನ್ಯದ ಶಿಶು ಆಹಾರದ ಮೇಲೆ ಕೆಲಸ ಮಾಡಿದ್ದು ಇದೇ ಗುಣವನ್ನು ಹಿಡಿದು. ಹಿಟ್ಟು ಬೆರೆಸಿದ ಮೇಲೆ ಗಂಜಿಯನ್ನು ಮತ್ತೊಮ್ಮೆ ಕುದಿಸಿಯೇ ಕೊಡಬೇಕು.

‘ಜ್ವಾಳದ ಮೊಳಕಿ ನಡಿತದೇನ್ರಿ?’ ಎಂದು ಒಬ್ಬಳು ಕೇಳಿದಳು. ಉತ್ತರ ಕೊಟ್ಟವನು ಕಿಟಕಿ ಪಕ್ಕದ ಹುಡುಗ: ‘ಎಳಿ ಜ್ವಾಳದಾಗ ದನ ಬಿಟ್ರ ಹೊಟ್ಟಿ ಉಬ್ಬಿ ಸಾಯ್ತಾವ್ರಿ. ನಮ್ಮ ಮಾಮಾರ ಆಕಳ ಹಂಗ ಸತ್ತದ.’ ಎಳೆ ಜೋಳದ ಚಿಗುರಿನಲ್ಲಿ ಸೈನೈಡ್ ಬಿಡುವ ಅಂಶವಿದೆ. ಅದೇ ಕಾರಣಕ್ಕೆ ಜೋಳದ ಮೊಳಕೆ ಕೂಸಿಗೆ ಬೇಡ, ರಾಗಿ ಅಥವಾ ಗೋಧಿ ಸಾಕು. ಮೊಳಕೆ ಕಟ್ಟದ ಜೋಳದ ಹಿಟ್ಟು, ನುಚ್ಚುಗಳಿಗೆ ಈ ಆತಂಕವಿಲ್ಲ. ದನ ಮೇಯಿಸುವ ಹುಡುಗನ ತಿಳಿವಳಿಕೆ ಕೂಸಿನ ಬಟ್ಟಲಿಗೆ ಬಂದ ಆ ಐದು ನಿಮಿಷಕ್ಕೆ ನಾನು ವೀಕ್ಷಣಾ ಹಾಳೆಯಲ್ಲಿ ಪೂರ್ತಿ ಅಂಕ ಕೊಟ್ಟೆ. ಪ್ರಶಿಕ್ಷಣಾರ್ಥಿ ಅವನ ಮಾತನ್ನು ತಡೆಯಲಿಲ್ಲ ಎಂಬುದಕ್ಕೂ ಸೇರಿ.

ಬಟ್ಟಲಿಗೆ ಏನೇನು ಎಂಬುದನ್ನು ಶಹಾಪುರದಲ್ಲಿ ಬೇಗ ಮುಗಿಸಿದರು, ಅದು ಸರಿಯೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಎಂಟು ಗುಂಪುಗಳಲ್ಲಿ ದಿನಕ್ಕೆ ಐದಾದರೂ ಇರಬೇಕು. ಎದೆಹಾಲು ಒಂದು ಗುಂಪು, ಧಾನ್ಯ ಇನ್ನೊಂದು, ಬೇಳೆಕಾಳು ಮತ್ತೊಂದು. ಉಳಿದೆರಡನ್ನು ಮಕ್ಕಳೇ ಹುಡುಕಿದರು: ಮೊಸರು, ನುಗ್ಗೆಸೊಪ್ಪು, ಪರಂಗಿ, ಪೂರ್ತಿ ಬೇಯಿಸಿದ ತತ್ತಿ. ಅಂಗನವಾಡಿಯ ಪುಷ್ಟಿ ಪೊಟ್ಟಣ ಮನೆಗೆ ಬಂದು ಎಲ್ಲರ ಪಾಲಾಗುತ್ತದೆ ಎಂದು ಒಬ್ಬಳು ಹೇಳಿದಾಗ ತರಗತಿ ನಕ್ಕಿತು. ಆ ಮಾತನ್ನು ನಾನು ನಗದೆ ಬರೆದುಕೊಂಡೆ.

ಸುರಪುರದ ಪಾಠ ‘ಸುರಕ್ಷತೆ’ಯ ಭಾಗವನ್ನೇ ಹಿಡಿಯಿತು. ಪ್ರಶಿಕ್ಷಣಾರ್ಥಿ ಬಟ್ಟೆಯ ಗೊಂಬೆ ತಂದಿದ್ದರು. ಮೊದಲು, ಉಣಿಸುವ ಭಂಗಿ. ಕತ್ತು ನಿಲ್ಲದ, ಆಸರೆ ಕೊಟ್ಟರೂ ಕೂರಲಾರದ ಕೂಸಿಗೆ ಚಮಚ ಹಿಡಿಯುವಂತಿಲ್ಲ. ಮಲಗಿಸಿ ಹೊಯ್ಯುವುದಂತೂ ಕೂಡದು. ತುತ್ತನ್ನು ನಾಲಿಗೆಯಿಂದ ಹೊರಗೆ ತಳ್ಳಿದರೆ ‘ಒಲ್ಲೆ’ ಅಂದಂತಲ್ಲ. ಇದುವರೆಗೆ ಚೀಪುವುದಷ್ಟೇ ಗೊತ್ತಿದ್ದ ನಾಲಿಗೆ ಕಲಿಯುತ್ತಿದೆ. ಹೊಸ ರುಚಿ ಒಗ್ಗಲು ಎಂಟು ಹತ್ತು ಸಲವಾದರೂ ಬೇಕಾಗಬಹುದು. ಮೂಗು ಹಿಡಿದು ತುರುಕುವುದು ಕಲಿಸುವುದಲ್ಲ. (ಕಲಿಯುವವರ ಬಗ್ಗೆ ಇದನ್ನು ಓದುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಬೇರೆ ಹೇಳಬೇಕಿಲ್ಲ.)

ಆಮೇಲೆ ಮೇಜಿನ ಮೇಲೆ ಕೆಲವು ವಸ್ತು ಇಟ್ಟು ‘ಇದರಲ್ಲಿ ಕೂಸಿನ ಕೈಗೆ ಯಾವುದು ಬೇಡ?’ ಎಂದರು. ಶೇಂಗಾ, ಪುಟಾಣಿ, ಬಾರಿಹಣ್ಣು, ಕಬ್ಬಿನ ಗಣಿಕೆ, ಬಾಳೆಹಣ್ಣು. ಒಬ್ಬ ಹುಡುಗಿ ಎದ್ದು, ಕಣದಲ್ಲಿ ತಮ್ಮನ ಗಂಟಲಿಗೆ ಶೇಂಗಾಕಾಳು ಸಿಕ್ಕು ಅವನು ‘ಸಪ್ಪಳಾ ಇಲ್ದಂಗ’ ನೀಲಿಯಾದದ್ದನ್ನು, ಅಜ್ಜ ಬೋರಲು ಹಾಕಿ ಬೆನ್ನಿಗೆ ಬಡಿದದ್ದನ್ನು ಹೇಳಿದಳು. ಪಾಠದ ಮುಖ್ಯ ಬಿಂದು ಅವಳ ಬಾಯಲ್ಲೇ ಬಂದಿತ್ತು. ಕೂಸು ಓಕರಿಸಿದರೆ, ಕೆಮ್ಮಿದರೆ, ಮುಖ ಕೆಂಪಾದರೆ ಗಾಳಿ ಆಡುತ್ತಿದೆ. ಪಕ್ಕದಲ್ಲಿದ್ದು ಕೆಮ್ಮಲು ಬಿಡಬೇಕು. ಸದ್ದು ನಿಂತರೆ ಅಪಾಯ. ಆಗ ವರ್ಷದೊಳಗಿನ ಕೂಸನ್ನು ತಲೆ ಕೆಳಗಿರುವಂತೆ ಮುಂಗೈ ಮೇಲೆ ಬೋರಲು ಹಾಕಿ, ಅಂಗೈ ಬುಡದಿಂದ ಭುಜಗಳ ನಡುವೆ 5 ಏಟು, ಹೋಗದಿದ್ದರೆ ಅಂಗಾತ ಮಾಡಿ ಎದೆಯ ನಡುಮೂಳೆಯ ಮೇಲೆ 5 ಸಲ ಒತ್ತುವುದು, ಹೊರಬರುವತನಕ ಹೀಗೆಯೇ. ಕಾಣದ ವಸ್ತುವಿಗೆ ಬಾಯಲ್ಲಿ ಬೆರಳು ಹಾಕಿ ತಡಕಾಡಿದರೆ ಅದು ಇನ್ನೂ ಒಳಗಿಳಿಯುತ್ತದೆ. ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಗೊಂಬೆಯ ಮೇಲೆ ಹನ್ನೆರಡು ಮಕ್ಕಳು ಮಾಡಿ ನೋಡಿದರು. ಶೇಂಗಾ ಬೇಡವೇ ಬೇಡ ಎಂದಲ್ಲ. ಹುರಿದು ನುಣ್ಣಗೆ ಪುಡಿ ಮಾಡಿ ಗಂಜಿಗೆ ಬೆರೆಸಿದರೆ ಒಳ್ಳೆಯ ಆಹಾರ.

ಜೇನುತುಪ್ಪ ವರ್ಷ ತುಂಬುವತನಕ ಬೇಡ, ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳನ್ನು ಎಳೆಯ ಕರುಳು ತಡೆಯಲಾರದು. ಬಾಟಲಿ ನಿಪ್ಪಲ್ ಬೇಡ, ತೊಳೆದ ಬಟ್ಟಲು ಚಮಚ ಸಾಕು. ಬೆಳಿಗ್ಗೆ ಮಾಡಿದ್ದನ್ನು ಅವ್ವ ಹೊಲದಿಂದ ಬರುವವರೆಗೆ ಇಡುವಂತಿಲ್ಲ; 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಎರಡು ಗಂಟೆಯೇ ಹೆಚ್ಚು. ಇಲ್ಲಿ ಒಬ್ಬಳು, ‘ಹೊತ್ತೊತ್ತಿಗಿ ಒಲಿ ಹಚ್ಚಾಕ ಕಟಗಿ ಎಲ್ಲಿ ತರೋದ್ರಿ?’ ಎಂದಳು. ಪ್ರಶಿಕ್ಷಣಾರ್ಥಿ ತಡವರಿಸದೆ ಪ್ರಶ್ನೆಯನ್ನು ತರಗತಿಗೇ ಬಿಟ್ಟರು. ಹುರಿದ ಅಕ್ಕಿ, ಹೆಸರುಬೇಳೆಯ ಹಿಟ್ಟು ಡಬ್ಬಿಯಲ್ಲಿದ್ದರೆ ಐದಾರು ನಿಮಿಷದ ಉರಿ ಸಾಕು ಎಂಬ ಉತ್ತರ ಮೂರನೆಯ ಸಾಲಿನಿಂದ ಬಂತು.

ಮುಂದಿನ ತಂಡಕ್ಕೆ ಎರಡು ಸೂಚನೆ. ಹದ ಮತ್ತು ಗಂಟಲು ಎರಡನ್ನೂ ಒಂದೇ ಅವಧಿಯಲ್ಲಿ ಮುಗಿಸಲು ಹೋಗಬೇಡಿ, ಗೊಂಬೆಯ ಅಭ್ಯಾಸಕ್ಕೇ ಅರ್ಧ ಅವಧಿ ಬೇಕು. ಮೌಲ್ಯಮಾಪನದಲ್ಲಿ ‘ಪಟ್ಟಿ ಮಾಡಿ’ ಎಂಬ ಪ್ರಶ್ನೆ ತೆಗೆದು ಸುರಪುರದಲ್ಲಿ ಕೇಳಿದ್ದನ್ನೇ ಕೇಳಿ: ಏಳು ತಿಂಗಳ ಕೂಸು, ಮನೆಯಲ್ಲಿ ಜೋಳದ ನುಚ್ಚು, ಹೆಸರುಬೇಳೆ, ಒಂದು ತತ್ತಿ, ಅವ್ವ ಸಂಜೆ ಬರುತ್ತಾಳೆ, ಈಗ ಹೊತ್ತು ಹನ್ನೊಂದು ಗಂಟೆ. ಒಬ್ಬಳ ಉತ್ತರ ‘ಮೊದಲ ಕೈ ತೊಳಕೊಂತೀನಿ’ ಎಂದು ಶುರುವಾಗಿ ಎರಡು ಪುಟ ಹೋಗಿತ್ತು.